ನೆಲ್ಲಿಕಾಯಿ ವೈದ್ಯನ ನೆಗಡಿ

ಹೆಂಡತಿಗೆ ಈ ಜನ್ಮದಲ್ಲಿ ಇನ್ನೊಂದು ನೆಗಡಿ ಬರದಂತೆ ನೋಡಿಕೊಳ್ಳುತ್ತೇನೆಂದು ಸಂಕ್ರಾಂತಿಯ ಮರುದಿನ ನಾನು ಭೀಷಣ ಪ್ರತಿಜ್ಞೆ ಮಾಡಿದೆ! ನನ್ನ ಯಾಮಿನಿಗೆ ನೆಗಡಿ ಒಂಟಿಯಾಗಿ ಬರುವುದಿಲ್ಲ. ಮೂಗು ಸೋರಿದ ಮೂರನೇ ದಿನಕ್ಕೆ ಉಬ್ಬಸ ಶುರುವಾಗುತ್ತದೆ. ಈ ಸಲ ಅದು ಬಂದಾಗ ಮನೆಗೆ ಅಂಟಿಕೊಂಡ ಶೆಡ್ಡಿನಲ್ಲಿ ರೇಷ್ಮೆಹುಳ ಬೇರೆ ಇತ್ತು. ಆ ವಾಸನೆ, ಧೂಳು ತಡೆಯಲಾಗದೆ ಅವಳು ಇನ್‌ಹೇಲರ್ ಹಿಡಿದು ಗೌರಿಬಿದನೂರಿನ ತವರಿಗೆ ಹೋದಳು. ಇಪ್ಪತ್ತಾರು ದಿನವಾಯಿತು. ಸಾದಲಿಯ ನಮ್ಮ ಮನೆಯಲ್ಲಿ ನನ್ನನ್ನು "ರೀ" ಎನ್ನುವವರೇ ಇಲ್ಲ. ಬೈಸಿಕೊಳ್ಳದೆ ತಿಂದ ಮುದ್ದೆ ಗಂಟಲಲ್ಲಿ ಇಳಿಯುವುದಿಲ್ಲ ಎಂಬುದು ಆಗ ಗೊತ್ತಾಯಿತು.

ಗೂಡು ಶಿಡ್ಲಘಟ್ಟದ ಮಾರ್ಕೆಟ್ಟಿಗೆ ಹೋಯಿತು, ಶೆಡ್ಡು ಖಾಲಿಯಾಯಿತು. "ಭಾನುವಾರ ಬರ್ತೀನಿ" ಎಂದು ಅವಳು ಫೋನಿನಲ್ಲಿ ಹೇಳಿದಳು.

"ಬಾ ಬಾ, ನಿಂಗೋಸ್ಕರ ವಿಟಮಿನ್ ಸಿ ಕಾರ್ಖಾನೆ ತೆಗೀತಿದೀನಿ. ನೆಗಡಿಯಿಂದ ಬರೋ ಉಬ್ಬಸಕ್ಕೆ ಅದು ಒಳ್ಳೇದಂತೆ. ಮೊಬೈಲಲ್ಲಿ ಓದ್ದೆ."

"ಒಳ್ಳೇದು ಅಂತಿತ್ತೋ, ಒಳ್ಳೇದಿರಬೋದು ಅಂತಿತ್ತೋ?"

"ಇರಬೋದು ಅಂತ."

"ಹಂಗಾದ್ರೆ ಇನ್‌ಹೇಲರ್ ನನ್ನ ಬ್ಯಾಗಲ್ಲೇ ಇರ್ಲಿ. ನೀವು ಸುಮ್ನಿದ್ರೆ ಸಾಕು."

ಸುಮ್ಮನಿರುವ ಜಾತಕವೇ ನನ್ನದಲ್ಲ. ಎಂಟು ಕೆ.ಜಿ. ನೆಲ್ಲಿಕಾಯಿ ತಂದು ಹೆಚ್ಚಿದೆ. ಒಣಗಿಸುವುದು ಎಲ್ಲಿ? ಹುಳ ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗಳು ಅಂಗಳದಲ್ಲೇ ಸಾಲಾಗಿದ್ದವು. ಅಂಥ ಅಗಲ, ಅಂಥ ಗಾಳಿ ಯಾವ ತಟ್ಟೆಗಿದೆ! ಅವುಗಳ ಮೇಲೆ ಹರಡಿ, ಸೊಂಟಕ್ಕೆ ಕೈಯಿಟ್ಟು ನಿಂತೆ.

ಪಕ್ಕದ ಮನೆಯ ಬಯ್ಯಪ್ಪನವರು ಹಿಪ್ಪುನೇರಳೆ ಸೊಪ್ಪಿನ ಹೊರೆ ಇಳಿಸಿ ನೋಡಿದರು. "ಏನಪ್ಪಾ ರಮೇಶ್‌ಬಾಬು, ನಿನ್ನೆ ತಾನೆ ನೀನೇ ಇವಕ್ಕೆ ಬ್ಲೀಚಿಂಗ್ ಪೌಡರ್ ನೀರು ಹೊಡ್ದೆಯಲ್ಲ. ಆಯಮ್ಮಂಗೆ ಉಬ್ಬಸ ಬಿಡಿಸ್ತೀಯೋ, ಹಿಡಿಸ್ತೀಯೋ?"

ಎಂಟು ಕೆ.ಜಿ. ವಿಟಮಿನ್ನೂ ತಿಪ್ಪೆ ಸೇರಿತು. ಅಂಗಳದಲ್ಲಿ ಬ್ಲೀಚಿಂಗ್ ಘಾಟು ಉಳಿದರೆ ಅವಳು ಒಳಗೆ ಕಾಲಿಡುವುದು ಹೇಗೆ? ಮರುದಿನ ಮಂಜು ಕರಗುವ ಮೊದಲೇ ತೊಟ್ಟಿಯ ತಣ್ಣೀರಿನಲ್ಲಿ ನಲವತ್ತು ಚಂದ್ರಿಕೆ ಉಜ್ಜಿ ಉಜ್ಜಿ ತೊಳೆದೆ. ಘಾಟು ಹೋಯಿತು. ನನಗೆ ನೆಗಡಿ ಬಂತು.

ಶನಿವಾರ ಬೆಳಿಗ್ಗೆ ಅವಳ ಫೋನು. "ದನಿ ಯಾಕ್ರೀ ಹಂಗಿದೆ?"

ನೆಗಡಿ ಎಂದರೆ ಅವಳು ಬರುವುದಿಲ್ಲ. "ನಿನ್ನ ನೆನಸ್ಕೊಂಡು ಗಂಟಲು ಕಟ್ಕೊಂಡಿದೆ ಕಣೇ" ಎಂದೆ. ಅರ್ಧ ಸುಳ್ಳು, ಅರ್ಧ ನಿಜ. ಅವಳು ಮೆಲ್ಲಗೆ, "ಇವತ್ತೇ ಬರ್ತೀನಿ ಬಿಡಿ" ಎಂದಳು.

ಮಧ್ಯಾಹ್ನ ಮೂರಕ್ಕೆ ಬಸ್‌ಸ್ಟಾಂಡಿನ ಆಟೋ ಗೇಟಿನ ಮುಂದೆ ನಿಂತಿತು. ನೀಲಿ ಸೀರೆ, ಮುಡಿಯಲ್ಲಿ ಕನಕಾಂಬರ. ಓಡಿಹೋಗಿ ಅವಳ ಬ್ಯಾಗು, ಕೈ ಎರಡನ್ನೂ ಒಟ್ಟಿಗೆ ಹಿಡಿದುಕೊಳ್ಳುವಷ್ಟು ಆಸೆಯಾಯಿತು. ಎರಡು ಹೆಜ್ಜೆ ಇಟ್ಟೆ. ಸೀನು ಬಂತು. ತಡೆದೆ. ತಡೆದಿದ್ದಕ್ಕೋ ಏನೋ, ಮೂರು ಒಟ್ಟಿಗೆ ಬಂದವು!

ಒಂದು ಕಾಲು ಕೆಳಗಿಟ್ಟಿದ್ದ ಯಾಮಿನಿ ಅದನ್ನು ಮತ್ತೆ ಆಟೋದೊಳಕ್ಕೆ ಎಳೆದುಕೊಂಡಳು. ಸೆರಗು ಮೂಗಿಗೆ ಹೋಯಿತು.

"ನೆನಪಾದ್ರೆ ಮೂಗೂ ಸೋರುತ್ತೇನ್ರೀ?"

"ನೆನಪಾಗಿದ್ದು ನಿಜ ಕಣೇ."

"ಗೊತ್ತು" ಎಂದಳು. ಅವಳ ಕಣ್ಣೂ ತುಂಬಿತ್ತು. "ನಂಗೂ ಇಲ್ಲೇ ಇರಬೇಕು ಅಂತಾನೇ ಆಸೆ. ಆದ್ರೆ ನಿಮ್ಮ ಮೂಗು ಒಣಗೋ ತನಕ ಇಳಿಯಲ್ಲ. ಅಣ್ಣಾ, ಆಟೋ ತಿರುಗಿಸಿ."

ಆಟೋ ತಿರುಗಿತು. ಈಗ ದಿನಕ್ಕೆ ಮೂರು ಸಲ ವಿಡಿಯೋ ಕಾಲ್ ಮಾಡುತ್ತೇನೆ. ನಾನು ಕಣ್ತುಂಬ ಅವಳ ಮುಖ ನೋಡುತ್ತೇನೆ. ಅವಳು ನನ್ನ ಮುಖ ನೋಡುವುದೇ ಇಲ್ಲ. "ಮೂಗು ಸ್ವಲ್ಪ ಹತ್ರ ತನ್ನಿ" ಎನ್ನುತ್ತಾಳೆ.