ಸಂದರ್ಭ ನೋಡದ ವ್ಯಾಕರಣ

ನಮ್ಮ ಮಾಮಾನಂಥ ಸಜ್ಜನ ಇಡೀ ಜೇವರ್ಗಿಯಲ್ಲಿ ಇರಲಿಲ್ಲ. ಆದರೂ ಅವರನ್ನು ಮದುವೆಗೆ ಕರೆಯಲು ಜನ ಹೆದರುತ್ತಿದ್ದರು. ಸಾವಿನ ಸುದ್ದಿಯನ್ನಂತೂ ಅವರಿಗೆ ಮುಟ್ಟಿಸುತ್ತಲೇ ಇರಲಿಲ್ಲ! ಕುಡಿತವೆ? ಇಲ್ಲ. ಇಸ್ಪೀಟೆ? ಇಲ್ಲ. ಇದ್ದದ್ದು ಒಂದೇ ಚಟ, ವ್ಯಾಕರಣ. ನನ್ನ ಅವ್ವನ ತಮ್ಮನಾದ ಈ ಮಾಮಾ ಹೈಸ್ಕೂಲಿನಲ್ಲಿ ಕನ್ನಡ ಮಾಸ್ತರರು. ಯಾರ ಬಾಯಿಂದ ವಾಕ್ಯ ಬಿದ್ದರೂ ಸರಿ, ಶೇಂಗಾ ಸುಲಿದಂತೆ ಸುಲಿದು ಕರ್ತೃ, ಕರ್ಮ, ಕ್ರಿಯಾಪದಗಳನ್ನು ಬೇರೆ ಬೇರೆ ಗುಂಪೆ ಹಾಕಿದ ಮೇಲೆಯೇ ಅವರಿಗೆ ಸಮಾಧಾನ.

ಅಂದೋಲಾದಲ್ಲಿ ಒಬ್ಬ ಗೌಡರು ತೀರಿಕೊಂಡಿದ್ದರು. ಶೋಕಸಭೆಯಲ್ಲಿ ಒಬ್ಬರು ಎದ್ದು ನಿಂತು ಗದ್ಗದಿತರಾಗಿ, “ದಿವಂಗತ ಗೌಡರ ಮಕ್ಕಳು ನಮ್ಮ ನಡುವೆಯೇ ಕುಳಿತಿದ್ದಾರೆ” ಎಂದರು. ಸಭೆ ಕಣ್ಣೊರೆಸಿಕೊಂಡಿತು. ಮಾಮಾ ಮಾತ್ರ ಎದ್ದು ನಿಂತರು.

“ಒಂದು ಸಂಶಯ ಅದರಿ. ದಿವಂಗತರು ಯಾರ್ರಿ? ಗೌಡರೋ, ಮಕ್ಕಳೋ?”

ಮುಂದಿನ ಸಾಲಿನಲ್ಲಿ ಕುಳಿತಿದ್ದ ಮೂವರು ಗಟ್ಟಿಮುಟ್ಟಾದ ಮಕ್ಕಳು ಒಮ್ಮೆಲೇ ತಿರುಗಿ ನೋಡಿದರು. ಅವರು ಬದುಕಿದ್ದಾರೆಂಬುದರಲ್ಲಿ ಆಮೇಲೆ ಯಾರಿಗೂ ಸಂಶಯ ಉಳಿಯಲಿಲ್ಲ. ಮಾಮಾ ಬದುಕಿ ಮನೆ ಮುಟ್ಟುತ್ತಾರೋ ಇಲ್ಲವೋ ಎಂಬುದಷ್ಟೇ ಸಂಶಯವಾಗಿತ್ತು!

ನೌಕರಿಯಲ್ಲೂ ಇದೇ ಕಥೆ. ಮೊದಲು ಆಳಂದದಲ್ಲಿದ್ದರು. ಅಲ್ಲಿಂದ ಅಫಜಲಪುರಕ್ಕೆ ವರ್ಗವಾದದ್ದು ಏಕೆಂದು ಕೇಳಿದರೆ “ಒಂದು ‘ಅಲ್ಲ’ದಿಂದ” ಎನ್ನುತ್ತಿದ್ದರು. ಅಲ್ಲಿಯ ಹೆಡ್‌ಮಾಸ್ತರರು ಒಂದು ಆದೇಶ ಹೊರಡಿಸಿದ್ದರಂತೆ: ‘ಶಿಕ್ಷಕರು ತಡವಾಗಿ ಬಂದು ಸಹಿ ಮಾಡತಕ್ಕದ್ದಲ್ಲ.’ ಹುಟ್ಟಿದಾಗಿನಿಂದ ಎಲ್ಲಿಗೂ ತಡವಾಗಿ ಹೋಗದಿದ್ದ ಮಾಮಾ ಮರುದಿನ ಬೇಕೆಂದೇ ಒಂದು ತಾಸು ತಡವಾಗಿ ಹೋದರು. ಸಹಿ ಮಾಡಲಿಲ್ಲ! “ತಡಾ ಮಾಡಿ ಬರಬ್ಯಾಡ ಅಂತ ಎಲ್ಲಿ ಬರದೀರಿ ಸರ? ತಡಾ ಮಾಡಿ ಬಂದು ಸಹಿ ಮಾಡಬ್ಯಾಡ ಅಂದೀರಿ. ನಾ ಮಾಡಿಲ್ಲ” ಎಂದು ಕೈ ಕಟ್ಟಿ ನಿಂತರು. ಹೆಡ್‌ಮಾಸ್ತರರ ಮುಂದಿನ ಆದೇಶದಲ್ಲಿ ಯಾವ ಸಂದಿಗ್ಧವೂ ಇರಲಿಲ್ಲ. ಅಫಜಲಪುರದಿಂದ ಜೇವರ್ಗಿಗೆ ಏಕೆ ಬಂದರೆಂದು ನಾವು ಕೇಳಲು ಹೋಗಲಿಲ್ಲ.

ಇಂಥವರ ಜೊತೆ ಸಂಸಾರ ಮಾಡುತ್ತಿದ್ದ ನಮ್ಮ ಅತ್ತೆಗೆ ಕೈ ಮುಗಿಯಬೇಕು. ಒಂದು ಬೇಸಿಗೆಯ ಮುಂಜಾನೆ ಅತ್ತೆ ಬಂಧುಗಳ ಮನೆಗೆ ಹೊರಟಳು. ಸಂಜೆಗೆ ಅವಳ ತವರಿನವರು ಬರುವವರಿದ್ದರು. ಹೊಸ್ತಿಲು ದಾಟುತ್ತ ಹೇಳಿದಳು: “ಕರೆಂಟ್ ಬಂದರ, ನಳಕ್ಕ ನೀರು ಬಂದರ ತುಂಬರಿ, ಇಲ್ಲಂದರ ಬಾವೀಗೆ ಹೋಗರಿ.”

ಮಧ್ಯಾಹ್ನ ಬಂದು ನೋಡಿದರೆ ಕೊಡಗಳೆಲ್ಲ ಬೋರಲು! ಮಾಮಾ ಕಟ್ಟೆಯ ಮೇಲೆ ಆರಾಮಾಗಿ ಪೇಪರ್ ಓದುತ್ತಿದ್ದಾರೆ.

“ಬಾವೀಗೆ ಯಾಕ ಹೋಗಲಿಲ್ಲರಿ?”

“ಕರೆಂಟ್ ಬಂದು, ನೀರು ಬರಲಿಲ್ಲಂದರ ಬಾವೀಗೆ ಹೋಗು ಅಂದಿ. ಕರೆಂಟೇ ಬಂದಿಲ್ಲ. ಕರೆಂಟ್ ಬರಲಿಲ್ಲಂದರ ಏನ್ ಮಾಡಬೇಕಂತ ನೀ ಹೇಳೇ ಇಲ್ಲಲ್ಲ?”

ಅತ್ತೆ ಒಳಗೆ ಹೋದಳು. ಎರಡು ಕೊಡಗಳನ್ನು ತಂದು ಅವರ ಎದುರಿಗಿಟ್ಟಳು. ಮಾಮಾ ಬಾವಿಗೆ ಹೋದರು. ಕ್ರಿಯಾಪದವಿಲ್ಲದೆಯೂ ವಾಕ್ಯ ಪೂರ್ಣವಾಗಬಲ್ಲದು!

ಇನ್ನು ನನ್ನ ಕಥೆಗೆ ಬರುತ್ತೇನೆ. ಆಳಂದ ತಾಲೂಕಿನ ಸರಸಂಬಾದಿಂದ ಬಂದ ನಾನು ಕನ್ನಡ ಮಾಧ್ಯಮದಲ್ಲಿ ಓದಿ, ಗುಲ್ಬರ್ಗಾದಲ್ಲಿ ಕಂಪ್ಯೂಟರ್ ಎಂಜಿನಿಯರಿಂಗಿಗೆ ಸೇರಿದ್ದೆ. ಕಂಪ್ಯೂಟರಿನ ಕೋಣೆಯೊಳಗೆ ಚಪ್ಪಲಿ ಬಿಟ್ಟು, ಗುಡಿಗೆ ಹೋದಂತೆ ಹೋಗುತ್ತಿದ್ದ ಕಾಲ ಅದು. ಬೇರೆ ವಿಷಯಗಳಲ್ಲಿ ಹೇಗೋ ಪಾರಾದೆ. ಕಂಪೈಲರ್ ವಿಷಯದ ಮೌಖಿಕ ಪರೀಕ್ಷೆಯಲ್ಲಿ ಮಾತ್ರ ಬಿದ್ದೆ. ಉತ್ತರ ಗೊತ್ತಿರಲಿಲ್ಲವೆಂದಲ್ಲ. ಇಂಗ್ಲಿಷಿನಲ್ಲಿ ವಾಕ್ಯ ಶುರು ಮಾಡಿ ನಡುವೆ ತಡವರಿಸಿದೆ. ಪರೀಕ್ಷಕರು ಅದನ್ನು ತಾವೇ ತಪ್ಪಾಗಿ ಮುಗಿಸಿ, ಆ ತಪ್ಪಿಗೆ ನನ್ನ ಅಂಕ ಕಳೆದು, “ನೆಕ್ಸ್ಟ್” ಎಂದರು.

ಮರುಪರೀಕ್ಷೆಗೆ ಓದಲು ರಜೆಯಲ್ಲಿ ಜೇವರ್ಗಿಗೆ ಬಂದೆ.

“ಯಾವುದರಾಗ ಫೇಲ್ ಆದಿ ಬೇ?” ಮಾಮಾ ಕೇಳಿದರು.

“ವ್ಯಾಕರಣದಾಗರಿ ಮಾಮಾ.”

ಅವರು ಕೈಯಲ್ಲಿದ್ದ ಚಹಾದ ಬಸಿಯನ್ನು ಕೆಳಗಿಟ್ಟರು. ತಮ್ಮ ಅಕ್ಕನ ಮಗಳು ವ್ಯಾಕರಣದಲ್ಲಿ ಫೇಲಾಗುವುದೆಂದರೇನು! ಯಂತ್ರಕ್ಕೂ ವ್ಯಾಕರಣವಿದೆಯೆಂದು ನಾನು ತಿಳಿಸಿ ಹೇಳಿದೆ. ನಾವು ಬರೆದ ಪ್ರೋಗ್ರಾಮನ್ನು ಯಂತ್ರದ ಭಾಷೆಗೆ ತಿರುಗಿಸುವುದು ಕಂಪೈಲರ್. ತಿರುಗಿಸುವ ಮೊದಲು ಪ್ರತಿ ವಾಕ್ಯವನ್ನೂ ನಿಯಮದಂತೆ ಬಿಡಿಸಿ ನೋಡುತ್ತದೆ. ಆ ನಿಯಮಗಳಿಗೆ ಸಂದರ್ಭಮುಕ್ತ ವ್ಯಾಕರಣ ಎನ್ನುತ್ತಾರೆ ಎಂದೆ.

“ಸಂದರ್ಭಮುಕ್ತ ಅಂದ್ರ?”

“ಒಂದು ಪದ ಬಿಡಸೂ ಮುಂದ ಅದರ ಆಜೂಬಾಜೂ ಏನದ ಅಂತ ನೋಡಂಗಿಲ್ಲರಿ. ಎಲ್ಲಿ ಸಿಕ್ಕರೂ ಒಂದೇ ನಿಯಮ.”

ಒಳಗಿನಿಂದ ರೊಟ್ಟಿ ಬಡಿಯುವ ಸದ್ದು ನಿಂತಿತು. “ಅಂದ್ರ ಮದುವಿ ಅದನೋ, ಸಾವಿನ ಮಯ್ಯತ ಅದನೋ ಅಂತ ನೋಡಂಗಿಲ್ಲ” ಅತ್ತೆ ಹೇಳಿದಳು. “ನಿಮ್ಮ ಮಾಮಾನ್ನ ನೋಡೇ ಮಾಡ್ಯಾರ ತಗೋ!”

ಅಂದಿನಿಂದ ಶುರುವಾಯಿತು. ಅಂಗಳದ ಫರಸಿ ಕಲ್ಲಿನ ಮೇಲೆ ಸೀಮೆಸುಣ್ಣದಿಂದ ನಾನು ವಾಕ್ಯದ ಮರ ಬರೆಯಬೇಕು, ಮಾಮಾ ಪರೀಕ್ಷಕರಾಗಬೇಕು. ಮೇಲೆ ‘ವಾಕ್ಯ’, ಅದರ ಕೆಳಗೆ ಕೊಂಬೆಗಳು, ತುದಿಯಲ್ಲಿ ಒಂದೊಂದೇ ಪದ. “ಬೇರು ಮ್ಯಾಲ, ಎಲಿ ತಳಗ! ಇದೆಂಥಾ ಗಿಡಾನೋ ಏನೋ” ಎಂದು ಮಾಮಾ ಅದರ ಸುತ್ತ ತಿರುಗುತ್ತಿದ್ದರು. ಪೋಸ್ಟ್‌ಮನ್ ಕೂಡ ಮರ ತುಳಿಯದಂತೆ ಗೋಡೆ ಹಿಡಿದು ಬರುತ್ತಿದ್ದ. ಅತ್ತೆಯ ಕಸಬರಿಗೆಗೆ ಮಾತ್ರ ಆ ಮರ್ಯಾದೆ ತಿಳಿದಿರಲಿಲ್ಲ. ದಿನಾ ಸಂಜೆ ಕಾಡಿಗೆ ಕಾಡೇ ನೆಲಸಮ!

ಒಂದು ದಿನ ‘ಆದರೆ–ಇಲ್ಲದಿದ್ದರೆ’ ಎಂಬ ಪಾಠ ಬಂತು. ಎರಡು ‘ಆದರೆ’ಗಳಿಗೆ ಒಂದೇ ‘ಇಲ್ಲದಿದ್ದರೆ’ ಇದ್ದರೆ ಅದು ಯಾವುದಕ್ಕೆ ಸೇರಬೇಕು? ಹತ್ತಿರದ ‘ಆದರೆ’ಗೆ ಎನ್ನುತ್ತದೆ ನಿಯಮ. ಮಾಮಾ ಎದ್ದು ಕುಣಿಯುವುದೊಂದು ಬಾಕಿ. “ಕೇಳಿದ್ಯೇನಬೇ! ಅವತ್ತಿನ ಕರೆಂಟ್, ನೀರು, ಬಾವಿ! ಮಷೀನೂ ನನ್ನ ಕಡೀಗೇ ಅದ!”

“ಹೌದ್ರಿ” ಅತ್ತೆ ಶಾಂತವಾಗಿ ಹೇಳಿದಳು, “ಮಷೀನಿಗೆ ನೀರಡಿಕಿ ಆಗಂಗಿಲ್ಲ.”

ಹೀಗೆ ನಗುನಗುತ್ತ ರಜೆ ಮುಗಿಯಿತು. ಪಾಠ ಪೂರಾ ಬಾಯಿಗೆ ಬಂದಿತ್ತು. ಆದರೆ ಪರೀಕ್ಷೆಯ ಮುಂಜಾನೆ ಮಾಮಾನ ಜೊತೆ ಗುಲ್ಬರ್ಗಾದ ಬಸ್ಸು ಹತ್ತಿದ ಮೇಲೆ ಆ ಹಳೆಯ ‘ನೆಕ್ಸ್ಟ್’ ಕಿವಿಯಲ್ಲಿ ಕೇಳತೊಡಗಿತು. ಭೀಮಾ ನದಿಯ ಸೇತುವೆ ಬರುವಷ್ಟರಲ್ಲಿ ಅಳು ಬಂತು. “ಮಾಮಾ, ನಾ ವಾಪಸ್ ಹೋಗ್ತೇನಿರಿ. ಅವರ ಮುಂದ ನನ್ನ ಮಾತು ನಿಂತುಬಿಡತದ.”

ಮಾಮಾ ಕಿಟಕಿಯ ಹೊರಗೆ ನೋಡಿದರು.

“ಹನ್ನೆರಡು ವರ್ಷದ ತನಕ ನಾ ಉಗ್ಗತಿದ್ದೆ” ಎಂದರು.

ನನಗದು ಗೊತ್ತೇ ಇರಲಿಲ್ಲ. ಅವ್ವ ಒಮ್ಮೆಯೂ ಹೇಳಿರಲಿಲ್ಲ.

“ನಮ್ಮೂರು ಕೊಳಕೂರಾಗ ನನ್ನ ಮಾತು ಮುಗಿಯೂ ತನಕ ಯಾರೂ ನಿಲ್ಲತಿದ್ದಿಲ್ಲ. ನಾ ‘ನೀ... ನೀ...’ ಅಂದ್ರ ಸಾಕು, ಓಡಿಹೋಗಿ ನೀರು ತಂದು ಕೊಡತಿದ್ರು. ನಾ ಕೇಳಾಕ ಹೊಂಟಿದ್ದು ‘ನೀವು ಯಾವಾಗ ಬಂದ್ರಿ’ ಅಂತ. ಏನ್ ಮಾಡೂದು? ಆ ನೀರು ಕುಡದು ಸುಮ್ಮ ಆಗತಿದ್ದೆ.” ಸ್ವಲ್ಪ ನಕ್ಕರು. “ನಿಮ್ಮವ್ವ ಒಬ್ಬಾಕಿನೇ ಕಾಯತಿದ್ದಳು. ಕೈಯಾಗಿನ ಕೆಲಸ ಬಿಟ್ಟು, ನನ್ನ ಮುಂದ ಕುಂತು, ಕಡೀ ಮಾತು ಬರೂ ತನಕ ಕಾಯತಿದ್ದಳು. ಆಕಿ ಮುಂದ ಮಾತಾಡಿ ಮಾತಾಡಿನೇ ನನಗ ಮಾತು ಬಂತು.”

ಬಸ್ಸಿನಿಂದ ಇಳಿಯುವಾಗ ಹೇಳಿದರು, “ನೀ ಸಾವಕಾಶ ಹೇಳು. ಅವರು ಕಾಯಲಿಲ್ಲಂದ್ರ ಕಾಯ್ರಿ ಅನ್ನು.”

ಒಳಗೆ ಅದೇ ಪರೀಕ್ಷಕರು. ನನ್ನ ಮೊದಲನೆಯ ವಾಕ್ಯ ನಡುವೆ ನಿಂತಿತು. ಅವರು ಬಾಯಿ ತೆರೆದರು. “ಸರ್, ನನ್ನ ವಾಕ್ಯ ಇನ್ನೂ ಮುಗಿದಿಲ್ಲ” ಎಂದೆ. ಎಲ್ಲಿಂದ ಬಂತೋ ಆ ಧೈರ್ಯ! ಅವರು ಪೆನ್ನು ಕೆಳಗಿಟ್ಟರು. ಕಾದರು. ನಾನು ತಡೆತಡೆದು ಮುಗಿಸಿದೆ. ಎರಡು ತಪ್ಪುಗಳಿದ್ದವು, ನನಗೇ ಗೊತ್ತು. ಆದರೆ ವಾಕ್ಯ ನನ್ನದಾಗಿತ್ತು. ಆಮೇಲಿನ ಪ್ರಶ್ನೆಗಳಿಗೂ ಅವರು ಕಾದರು. ಪಾಸಾದೆ.

ಹೊರಗೆ ಬಂದಾಗ ಬಿಸಿಲು ಸುಡುತ್ತಿತ್ತು. ಮಾಮಾ ಗೇಟಿನ ಮುಂದೆ, ಬಯಲಿನಲ್ಲಿ, ಅಂಗಿಯೆಲ್ಲ ಬೆವರಿನಿಂದ ತೊಯ್ದು ನಿಂತಿದ್ದರು. ಆ ಕಡೆ ದೊಡ್ಡದೊಂದು ಬೇವಿನ ಮರವಿತ್ತು. ಅದರ ಕೆಳಗೆ ಬೇರೆಯವರೆಲ್ಲ ತಂಪಾಗಿ ಕುಳಿತಿದ್ದರು.

“ಅಷ್ಟು ನೆರಳದಲ್ಲರಿ ಮಾಮಾ, ಇಲ್ಲಿ ಯಾಕ ನಿಂತೀರಿ?”

“ಅಲ್ಲಿ ಕುಂತರ ಆ ಬಾಗಿಲಾ ಕಾಣಂಗಿಲ್ಲ ಬೇ” ಎಂದರು. “ನೀ ಹೊರಗ ಬಂದ ಕೂಡ್ಲೇ ಯಾರನ್ನ ನೋಡತಿದ್ದಿ?”