ಓದದ ಮಾಸ್ತರರ ಒಂದು ಬೇಸಿಗೆ

ಓದಿನ ಮಹತ್ವದ ಬಗ್ಗೆ ಮಾತಾಡು ಅಂದರೆ ಕೈಯಲ್ಲಿ ಚೀಟಿ ಇಲ್ಲದೆ, ನಡುವೆ ನೀರೂ ಕುಡಿಯದೆ, ಒಂದು ತಾಸು ಮಾತಾಡಲು ನಾನು ಈಗಲೂ ತಯಾರು. ಹುನಗುಂದದ ಹೈಸ್ಕೂಲಿನಲ್ಲಿ ಕನ್ನಡ ಮಾಸ್ತರನಾಗಿದ್ದಷ್ಟು ಕಾಲ, ಶಾಲೆಯ ವರ್ಷದ ಗ್ಯಾದರಿಂಗ್ ಇರಲಿ, ಬೀಳ್ಕೊಡುವ ಸಮಾರಂಭ ಇರಲಿ, ಕೊನೆಗೆ ಪಕ್ಕದೂರಿನ ಹಾಲಿನ ಸೊಸೈಟಿಯ ಉದ್ಘಾಟನೆಯೇ ಇರಲಿ, ನನ್ನನ್ನು ಕರೆದರೆ ಸಾಕು, ಎಲ್ಲಿಂದ ಶುರುಮಾಡಿದರೂ ಅಲ್ಲಿಗೇ ಬಂದು ನಿಲ್ಲುತ್ತಿದ್ದೆ. ಜನ ಚಪ್ಪಾಳೆ ತಟ್ಟುತ್ತಿದ್ದರು. ಒಂದೇ ಒಂದು ಸಣ್ಣ ಅಡಚಣೆ ಇತ್ತು. ನಾನು ಪುಸ್ತಕ ಓದುತ್ತಿರಲಿಲ್ಲ. ಪಠ್ಯಪುಸ್ತಕದ ಮಾತು ಬೇರೆ, ಪಗಾರ ಕೊಡುವುದೇ ಅದನ್ನು ಓದಲಿಕ್ಕೆ. ಆದರೆ ‘ಸಂತೋಷಕ್ಕಾಗಿ ಓದು’ ಅಂತ ವೇದಿಕೆಯ ಮೇಲೆ ನಿಂತು ಹೇಳುತ್ತಿದ್ದೆನಲ್ಲ, ಅದು ಕಾಲೇಜು ಬಿಟ್ಟ ಮೇಲೆ ನನ್ನಿಂದ ಒಮ್ಮೆಯೂ ಆಗಿರಲಿಲ್ಲ. ಪುಸ್ತಕ ತೆರೆದು ನಾಲ್ಕನೇ ಪುಟಕ್ಕೆ ಬರುವಷ್ಟರಲ್ಲಿ ಕಣ್ಣು ಎಳೆಯುತ್ತಿದ್ದವು. ಆರನೇ ಪುಟ ನನ್ನ ಮೂಗಿನ ಮೇಲೆ ಇರುತ್ತಿತ್ತು.

ಇಂಥವನ ಕೈಗೇ ಶಾಲೆಯ ಲೈಬ್ರರಿಯನ್ನೂ ಕೊಟ್ಟಿದ್ದರು. ಲೈಬ್ರರಿ ಅಂದರೆ ಸ್ಟಾಫ್ ರೂಮಿನ ಮೂಲೆಯಲ್ಲಿದ್ದ ಒಂದು ಕಪಾಟು. ಎಂಟು ವರ್ಷದಲ್ಲಿ ಒಂದು ಪುಸ್ತಕವೂ ಕಳೆದಿಲ್ಲ ಅಂತ ನಮ್ಮ ಹೆಡ್‌ಮಾಸ್ತರರು ಎಲ್ಲರೆದುರು ನನ್ನನ್ನು ಹೊಗಳಿದ್ದರು. ಕಳೆಯುವುದಾದರೂ ಹೇಗೆ? ಯಾರಿಗೂ ಕೊಟ್ಟಿರಲೇ ಇಲ್ಲ. ಹುಡುಗರು ಬಂದು ಕೇಳಿದರೆ, “ಮೊದಲ ಕೈ ತೊಳಕೊಂಡು ಬರ್ರಿ” ಅನ್ನುತ್ತಿದ್ದೆ. ಅವರು ಕೈ ತೊಳೆದುಕೊಂಡು ಬರುವುದರೊಳಗೆ ಗಂಟೆ ಹೊಡೆಯುತ್ತಿತ್ತು. ಎಲ್ಲ ಪುಸ್ತಕಗಳಿಗೂ ಒಂದೇ ಥರದ ಖಾಕಿ ಬೈಂಡು ಹಾಕಿಸಿ, ಬೆನ್ನ ಮೇಲೆ ಚೆಂದಾಗಿ ಹೆಸರು ಬರೆದು, ಸಾಲಾಗಿ ನಿಲ್ಲಿಸಿಟ್ಟಿದ್ದೆ. ಹಾಗೆ ಬರೆದಿದ್ದೆನಾದ್ದರಿಂದ ಅವುಗಳ ಹೆಸರು ಮಾತ್ರ ನನಗೆ ಬಾಯಿಪಾಠವಾಗಿದ್ದವು.

ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದಾಗಿನ ಒಂದು ಬೇಸಿಗೆ. ನನ್ನ ಮಗ ಬಸು ಹತ್ತು ವರ್ಷದವ, ಮಗಳು ನೀಲಾ ಎಂಟರವಳು. ಸೂಟಿ ಬಿಟ್ಟ ಮೇಲೆ ಇಬ್ಬರೂ ಮನೆಯಲ್ಲಿ ಇರುತ್ತಿದ್ದದ್ದು ಉಣ್ಣುವ ಹೊತ್ತಿಗೆ ಮಾತ್ರ. ನಮ್ಮ ಓಣಿಯ ಮಾಳಿಗೆಗಳು ಒಂದಕ್ಕೊಂದು ಅಂಟಿಕೊಂಡಿರುವುದರಿಂದ ನೆಲ ಮುಟ್ಟದೆ ಓಣಿಯ ಈ ತುದಿಯಿಂದ ಆ ತುದಿಗೆ ಓಡಬಹುದಿತ್ತು, ಓಡುತ್ತಲೂ ಇದ್ದರು. ಒಂದು ದಿನ ಹಾಗೆ ಓಡುವಾಗ ಪಕ್ಕದ ಮನೆಯ ಗೌರಕ್ಕ ಒಣಹಾಕಿದ್ದ ಸಂಡಿಗೆಯ ಮೇಲೆಯೇ ಹಾದುಹೋದರು. ಗೌರಕ್ಕ ಬಂದು ಬಾಗಿಲಲ್ಲಿ ನಿಂತು ಜಗಳಾಡಿದ್ದರೆ ಆಗುತ್ತಿತ್ತು. ಆಕೆ ಜಗಳಾಡಲಿಲ್ಲ. ಹೆಜ್ಜೆ ಮೂಡಿದ್ದ ಸಂಡಿಗೆಯನ್ನೇ ಒಂದು ತಾಟಿನಲ್ಲಿ ತಂದು, “ಮಾಸ್ತರ್ರಿಗೆ ಕರದು ಕೊಡವಾ” ಅಂತ ನನ್ನ ಹೆಂಡತಿ ಶಾಂತಾಳ ಕೈಗಿತ್ತು ಹೋದಳು.

ಶಾಂತಾ ತಾಟು ನನ್ನೆದುರು ಇಟ್ಟಳು. “ಊರ ಮಂದಿ ಮಕ್ಕಳಿಗೆಲ್ಲಾ ಓದ್ರಿ ಓದ್ರಿ ಅಂತ ಹೇಳ್ಕೋತ ತಿರಗತೀರಿ. ನಿಮ್ಮ ಮಕ್ಕಳ ಪಾದ ನೋಡ್ರಿ ಹೆಂಗ ಮೂಡ್ಯಾವ!”

ಮಾತು ನಾಟಿತು. ಮರುದಿನವೇ ಹೆಡ್‌ಮಾಸ್ತರರ ಅಪ್ಪಣೆ ಪಡೆದು ಕಪಾಟಿನ ಅರ್ಧ ಪುಸ್ತಕಗಳನ್ನು ಒಂದು ಟ್ರಂಕಿಗೆ ತುಂಬಿ, ಸೈಕಲ್ ಕ್ಯಾರಿಯರಿಗೆ ಕಟ್ಟಿ ಮನೆಗೆ ತಂದೆ. ಹೊಸ ಕಾಯ್ದೆ ಮಾಡಿದೆ. ಮಧ್ಯಾಹ್ನ ಊಟವಾದ ಮೇಲೆ ಬಿಸಿಲು ಇಳಿಯುವ ತನಕ ನಡುಮನೆಯ ತಣ್ಣನೆಯ ನೆಲದ ಮೇಲೆ ಕೂತು ಎಲ್ಲರೂ ಓದಬೇಕು, ನಾನೂ ಓದುತ್ತೇನೆ. ಮೊದಲ ದಿನ ಬಸು ಪುಸ್ತಕವನ್ನು ತಲೆಕೆಳಗಾಗಿ ಹಿಡಿದು ಇರುವೆಗಳ ಸಾಲು ನೋಡುತ್ತ ಕೂತ. ನೀಲಾ ಚಿತ್ರಗಳಿರುವ ಪುಟ ಹುಡುಕಿ, ಒಂದೂ ಸಿಗದೆ, ಪುಸ್ತಕ ಮುಚ್ಚಿಟ್ಟಳು. ನಾನು ಎಚ್ಚರವಾಗಿ ನೋಡಿದಾಗ ನಡುಮನೆಯಲ್ಲಿ ನಾನೊಬ್ಬನೇ ಇದ್ದೆ.

ಎರಡನೆಯ ದಿನ ಗದರಿಸಿದೆ. “ಒಂದೊಂದ ಪುಸ್ತಕ ಓದಿ ಅದರಾಗಿನ ಕಥಿ ನನಗ ಹೇಳಬೇಕು. ತಿಳೀತಿಲ್ಲೋ?”

ನೀಲಾ ಟ್ರಂಕಿನಿಂದ ಒಂದು ಪುಸ್ತಕ ಎತ್ತಿ ನನ್ನ ಕೈಗೆ ಕೊಟ್ಟಳು. “ಮೊದಲ ನೀವ ಒಂದ ಹೇಳ್ರಿ ಅಪ್ಪಾ. ಹೆಂಗ ಹೇಳಬೇಕು ಅಂತ ನಮಗ ತಿಳೀಲಿ.”

ಬೆನ್ನ ಮೇಲಿನ ಹೆಸರು ನೋಡಿದೆ. ಒಳಗೆ ಏನಿದೆಯೋ ದೇವರಿಗೇ ಗೊತ್ತು. ಓದಿಲ್ಲ ಅಂತ ಇಬ್ಬರು ಮಕ್ಕಳೆದುರು ಒಪ್ಪಿಕೊಳ್ಳುವುದು ಕನ್ನಡ ಮಾಸ್ತರನಿಗೆ ಶೋಭೆಯೇ? ಕೆಮ್ಮಿದೆ, ಬೆನ್ನಿಗೆ ದಿಂಬು ಇಟ್ಟುಕೊಂಡೆ, ಹೆಸರಿಗೆ ಒಪ್ಪುವಂಥ ಒಂದು ಕಥೆ ಕಟ್ಟಿ ಹೇಳಿಬಿಟ್ಟೆ. ರಾಕ್ಷಸ ಬಂದ, ಕುದುರೆ ಬಂತು, ಒಬ್ಬ ಮಂತ್ರಿ ಮೋಸ ಮಾಡಿದ. ಇರುವೆ ನೋಡುತ್ತಿದ್ದ ಬಸು ಹೊರಳಿ ಕೂತ. ಕಥೆ ಮುಗಿದಾಗ ನೀಲಾ ಕೇಳಿದಳು, “ಇದೆಲ್ಲಾ ಈ ಪುಸ್ತಕದಾಗ ಐತೇನ್ರಿ?”

“ಐತಿ ಮತ್ತ! ಓದಿದ್ರ ಇನ್ನೂ ಛಲೋ ಐತಿ” ಅಂದೆ. ಸುಳ್ಳು ಹೇಳುವಾಗಲೂ ಉಪದೇಶ ಬಿಡಲಿಲ್ಲ ನೋಡಿ.

ಅಲ್ಲಿಂದ ದಿನಾ ಅದೇ. ನೀಲಾ ಒಂದು ಪುಸ್ತಕ ಎತ್ತಿ ಕೊಡುವುದು, ನಾನು ಬೆನ್ನು ನೋಡಿ ಕಥೆ ಹೇಳುವುದು. ನಾಲ್ಕೇ ದಿನದಲ್ಲಿ ಓಣಿಯ ಏಳೆಂಟು ಹುಡುಗರು ಬಂದು ನಡುಮನೆ ತುಂಬಿಕೊಂಡರು. ಗೌರಕ್ಕನ ಸಂಡಿಗೆ ನಿರಾತಂಕವಾಗಿ ಒಣಗಿತು. ಅಡುಗೆಮನೆಯಲ್ಲಿ ಹಪ್ಪಳ ಲಟ್ಟಿಸುತ್ತಿದ್ದ ಶಾಂತಾಳ ಲಟ್ಟಣಿಗೆಯ ಸಪ್ಪಳ, ಕಥೆ ಬಿಗಿಯಾದಾಗ ನಿಲ್ಲುತ್ತಿತ್ತು. ಹದಿನೈದು ವರ್ಷದ ಸಂಸಾರದಲ್ಲಿ ಆಕೆ ನನ್ನ ಮಾತಿಗೆ ಕೈ ನಿಲ್ಲಿಸಿದ್ದು ಅದೇ ಮೊದಲು. ಮಕ್ಕಳು ಒಂದು ಸಾಲೂ ಓದುತ್ತಿಲ್ಲ ಅನ್ನುವುದು ಆ ಸಂಭ್ರಮದಲ್ಲಿ ನನಗೆ ಮರೆತೇಹೋಯಿತು.

ಆಗ ಎಸ್ಸೆಸ್ಸೆಲ್ಸಿ ಪೇಪರು ತಿದ್ದಲು ಹತ್ತು ದಿನದ ಮಟ್ಟಿಗೆ ಬಾಗಲಕೋಟೆಗೆ ಬರುವಂತೆ ಆರ್ಡರು ಬಂತು. ಹೊರಡುವ ಹಿಂದಿನ ಮಧ್ಯಾಹ್ನ ನೀಲಾ ಕೊಟ್ಟ ಪುಸ್ತಕದ ಹೆಸರು ‘ಮಣ್ಣಿನಡಿಯ ಭಾಗ್ಯ’. ಭರ್ಜರಿ ಹೆಸರು! ಭಾಗ್ಯ ಹುಡುಕುತ್ತ ಹೊರಟ ಒಬ್ಬ ರಾಜಕುಮಾರನನ್ನು ಪಟ್ಟದಕಲ್ಲಿನ ಹತ್ತಿರ ಹೊಳೆ ದಾಟಿಸಿ, ಬಾದಾಮಿಯ ಗುಡ್ಡದ ಹಿಂದಿನ ಒಂದು ಹಾಳುಬಾವಿಗೆ ಇಳಿಸಿದೆ. ಇಳಿದ ಕೂಡಲೆ ಹಗ್ಗ ಹರಿಯಿತು. ಮುಂದೆ ಏನು ಮಾಡಬೇಕು ಅಂತ ನನಗೂ ಹೊಳೆಯಲಿಲ್ಲ. “ಉಳಿದದ್ದು ನಾ ಬಂದ ಮ್ಯಾಲೆ” ಅಂತ ಎದ್ದೆ.

“ಹತ್ತ ದಿನ ಬಾವ್ಯಾಗ ಏನ ತಿಂತಾನ್ರಿ ಅಪ್ಪಾ?” ಅಂದಳು ನೀಲಾ. ಮುಖ ಸಣ್ಣದಾಗಿತ್ತು.

ಬಾಗಲಕೋಟೆಯಲ್ಲಿ ದಿನಗಳು ಚೆನ್ನಾಗಿ ಕಳೆದವು. ಒಬ್ಬ ವಿದ್ಯಾರ್ಥಿ, ಪಾಠವನ್ನು ಮೂಸಿಯೂ ನೋಡದವನು, ಅದರ ಹೆಸರೊಂದನ್ನೇ ಹಿಡಿದುಕೊಂಡು ಎರಡು ಪುಟ ಕಥೆ ಬರೆದಿದ್ದ. ನಾನು ಅದನ್ನು ಜೊತೆಯ ಮಾಸ್ತರರಿಗೆಲ್ಲ ಗಟ್ಟಿಯಾಗಿ ಓದಿ ತೋರಿಸಿದೆ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. “ಏನ ಧೈರ್ಯಾರಿ ಇವಂದು!” ಅನ್ನುತ್ತ ಕೆಂಪು ಶಾಯಿಯಲ್ಲಿ ಒಂದು ದುಂಡನೆಯ ಸೊನ್ನೆ ಹಾಕಿದೆ.

ಹತ್ತು ದಿನ ಬಿಟ್ಟು, ಮಕ್ಕಳಿಗಾಗಿ ಒಂದು ಪೊಟ್ಟಣ ಕರದಂಟು ಹಿಡಿದುಕೊಂಡು ಹುನಗುಂದದ ಬಸ್ಸಿಳಿದೆ. ಮನೆಯಲ್ಲಿ ಯಾರೂ ಓಡಿಬರಲಿಲ್ಲ. ನಡುಮನೆಯಲ್ಲಿ ಟ್ರಂಕು ಬಾಯಿತೆರೆದು ಕೂತಿತ್ತು. ಪುಸ್ತಕಗಳೆಲ್ಲ ನೆಲದ ಮೇಲಿದ್ದವು. ಬಸು ನೋಟುಬುಕ್ಕು ಹಿಡಿದು ಕೂತಿದ್ದ. ಅದರ ಮೇಲೆ ದೊಡ್ಡ ಅಕ್ಷರದಲ್ಲಿ ‘ಅಪ್ಪನ ಸುಳ್ಳುಗಳು’ ಅಂತಿತ್ತು. ಅಕ್ಷರ ದುಂಡಗಿದ್ದವು, ಕಾಗುಣಿತದ ತಪ್ಪು ಒಂದೂ ಇರಲಿಲ್ಲ.

ನಡೆದದ್ದು ಇಷ್ಟು. ರಾಜಕುಮಾರನ ಚಿಂತೆಯಲ್ಲಿ ನೀಲಾಳಿಗೆ ಅನ್ನ ಸೇರದಾಗಿ, ಎರಡನೆಯ ದಿನ ಆಕೆಯೇ ‘ಮಣ್ಣಿನಡಿಯ ಭಾಗ್ಯ’ ತೆರೆದು ಅಕ್ಷರ ಕೂಡಿಸುತ್ತ ಓದಲು ಕೂತಳು. ಮೊದಲ ಪುಟದಲ್ಲಿ ರಾಜಕುಮಾರ ಇರಲಿಲ್ಲ. ಮುಂದೆ ಬಂದಾನು ಅಂತ ಓದುತ್ತ ಹೋದಳು. ಅಣ್ಣನನ್ನೂ ಎಳೆದು ಕೂರಿಸಿಕೊಂಡು ಕೊನೆಯ ಪುಟದವರೆಗೆ ಓದಿದಳು. ಅದು ಶೆಂಗಾ ಬೆಳೆಯುವ ಕ್ರಮ ತಿಳಿಸುವ ಪುಸ್ತಕವಾಗಿತ್ತು.

ಒಂದು ಸುಳ್ಳಾದ ಮೇಲೆ ಉಳಿದವು ಖರೆ ಅಂತ ಯಾರು ನಂಬುತ್ತಾರೆ? ಬಸು ನಾನು ಹೇಳಿದ ಕಥೆಗಳನ್ನೆಲ್ಲ ನೆನಪು ಮಾಡಿ ಬರೆದಿಟ್ಟ. ಇಬ್ಬರೂ ಹೊತ್ತು ಗೊತ್ತಿಲ್ಲದೆ ಒಂದೊಂದೇ ಪುಸ್ತಕ ಓದಿ ತಾಳೆ ನೋಡಿದರು. ನಾನು ರಾಕ್ಷಸ ಅಂದಲ್ಲಿ ಒಬ್ಬ ಬಡ ಟಪಾಲಿನವನಿದ್ದ. ಹಾರುವ ಕುದುರೆ ಅಂದಲ್ಲಿ ಸರ್ಕಸ್ಸಿನಿಂದ ತಪ್ಪಿಸಿಕೊಂಡ ಕತ್ತೆ ಇತ್ತು. “ಕತ್ತಿ ಕಥಿ ನಿಮ್ಮದಕ್ಕಿಂತ ಛಲೋ ಐತಿ” ಅಂತ ಬಸು ಮುಖಕ್ಕೆ ಹೊಡೆದಂತೆ ಹೇಳಿದ.

ನಾನು ನಗಲು ನೋಡಿದೆ. ನೀಲಾ ನಗಲಿಲ್ಲ. “ಹಂಗಾರ ಆ ರಾಜಕುಮಾರ ಎಲ್ಲೂ ಇಲ್ಲೇನ್ರಿ?” ಅಂದವಳ ಕಣ್ಣಲ್ಲಿ ನೀರು ತುಂಬಿ ಬಂತು. “ನಾ ಹತ್ತ ದಿನಾ ಅವಂದ ಚಿಂತಿ ಮಾಡೀನಿ.”

ಬಾಗಲಕೋಟೆಯ ಆ ಹುಡುಗನ ನೆನಪಾಯಿತು. ಅವನು ಪಾಪ, ನನ್ನನ್ನು ನಗಿಸಿದ್ದ, ಯಾರನ್ನೂ ಅಳಿಸಿರಲಿಲ್ಲ. ಕರದಂಟಿನ ಪೊಟ್ಟಣ ಯಾರೂ ಬಿಚ್ಚದೆ ಹಾಗೇ ಉಳಿಯಿತು. “ನಾ ಆ ಪುಸ್ತಕ ಓದಿಲ್ಲವ್ವಾ. ಯಾವದೂ ಓದಿಲ್ಲ” ಅಂತ ಮಗಳೆದುರು ಕೂತು ಹೇಳಿದೆ. ಜೀವನದಲ್ಲಿ ಮೊದಲ ಸಲ ಹೇಳಿದ್ದು. ಅಡುಗೆಮನೆಯಲ್ಲಿ ಲಟ್ಟಣಿಗೆ ನಿಂತಿತು.

ಮರುದಿನ ಬೆಳಿಗ್ಗೆ ಹೆಡ್‌ಮಾಸ್ತರರೇ ಮನೆಗೆ ಬಂದರು. ಓಣಿಯ ಹುಡುಗರ ಬಾಯಿಂದ ಏನು ಸುದ್ದಿ ಮುಟ್ಟಿದೆಯೋ ಅಂತ ಹೆದರುತ್ತಲೇ ಕುರ್ಚಿ ಹಾಕಿದೆ. ಅವರು ಕೂತವರೇ ಕೈಗೆ ಸಿಕ್ಕ ಪುಸ್ತಕ ಎತ್ತಿಕೊಂಡು ತೆರೆದರು. ಅದೇ ಪುಸ್ತಕ. “ಓಹೋ, ಶೆಂಗಾದ್ದು! ಮಾಸ್ತರ, ಶಿರೂರಾಗ ನಮ್ಮ ಹೊಲಕ್ಕ ಈ ಸಲ ಶೆಂಗಾನ ಹಾಕಬೇಕಂತ ಮಾಡೇನಿ. ಹೂ ಬಿಟ್ಟ ಮ್ಯಾಲೆ ಎಡಿ ಹೊಡೀಬಾರದು ಅಂತಾರಲ್ಲ, ಯಾಕಂತ ಬರದಾರ?”

ಬೆಳೆಸಾಲುಗಳ ನಡುವೆ ಕುಂಟೆ ಎಳೆದು ಮಣ್ಣು ಕೆದರುವ ಆ ಎಡೆ ಹೊಡೆಯುವುದಕ್ಕೂ ನನಗೂ ಸಂಬಂಧವಿಲ್ಲ. “ಅದು... ಅದರಾಗ ಒಂದು ಸೂಕ್ಷ್ಮ ಐತ್ರಿ ಸರ್...” ಅಂತ ಎಳೆದೆ. ನಿನ್ನೆ ನನ್ನನ್ನು ಕಟಕಟೆಗೆ ಹತ್ತಿಸಿದವರಿಬ್ಬರೂ ಬಾಗಿಲಲ್ಲೇ ನಿಂತಿದ್ದರು. ಬಸು ನೋಟುಬುಕ್ಕು ಎದೆಗೆ ಅವುಚಿಕೊಂಡಿದ್ದ. ಒಂದು ಮಾತು ಸಾಕಿತ್ತು, ನನ್ನ ಮಾನ ಊರ ತುಂಬ ಹರಾಜಾಗುತ್ತಿತ್ತು.

ನೀಲಾ ಮುಂದೆ ಬಂದಳು. “ಹೂ ಮ್ಯಾಲೆ ಅರಳತೈತ್ರಿ. ಆಮ್ಯಾಲೆ ಅದರ ಬುಡದಾಗಿಂದ ಸೂಜಿಯಂಥಾ ಕುಡಿ ಬಗ್ಗಿ ಮಣ್ಣಾಗ ಇಳೀತೈತ್ರಿ. ಕಾಯಿ ಕತ್ತಲಾಗ ಆಗತೈತಿ. ಆವಾಗ ಮಣ್ಣ ಕೆದರಿದ್ರ ಸೂಜಿ ಹರೀತೈತ್ರಿ.” ಒಂದು ಕ್ಷಣ ನನ್ನ ಮುಖ ನೋಡಿ, “ಅಪ್ಪಾ ಹೇಳ್ಯಾರ್ರಿ” ಅಂದಳು.

ಹೆಡ್‌ಮಾಸ್ತರರು ಕುರ್ಚಿಯಿಂದ ಅರ್ಧ ಎದ್ದೇಬಿಟ್ಟರು. “ಏನ್ರಿ ಮಾಸ್ತರ! ಎಂಟ ವರ್ಷದ ಹುಡಿಗಿ! ಸಾಲಿ ಸುರು ಆದಕೂಡಲೆ ನೀವು ಎಲ್ಲಾ ಪಾಲಕರನ್ನ ಕರದು, ಮಕ್ಕಳಿಗೆ ಓದೂ ರುಚಿ ಹೆಂಗ ಹಚ್ಚಬೇಕು ಅಂತ ಒಂದ ಭಾಷಣಾ ಮಾಡಬೇಕು ನೋಡ್ರಿ.” ನಾನು ಜೀವಮಾನದಲ್ಲಿ ಭಾಷಣ ಬೇಡವೆಂದು ಕೈಮುಗಿದದ್ದು ಅದೊಂದೇ ಸಲ. ಅದನ್ನೂ ಅವರು ವಿನಯ ಅಂತ ತಿಳಿದರು.

ಅವರು ಹೋದ ಮೇಲೆ ನೀಲಾಳನ್ನು ಹತ್ತಿರ ಕರೆದು, “ಈಗ ರಾಜಕುಮಾರನ್ನ ಮ್ಯಾಲೆ ತರೂಣು ಬಾ” ಅಂದೆ. ಮಗಳ ಋಣ ತೀರಿಸುವ ಆತುರ. ಕೆಮ್ಮಿದೆ, ದಿಂಬು ಇಟ್ಟುಕೊಂಡೆ, ಏನೂ ಹೊಳೆಯಲಿಲ್ಲ.

“ನೀವ ಸುಮ್ನ ಕುಂದರ್ರಿ” ಅಂದು ಆಕೆಯೇ ಶುರುಮಾಡಿದಳು. ಬಾವಿಯ ತಳದಲ್ಲಿ ನೀರಿರಲಿಲ್ಲ, ಮಣ್ಣಿತ್ತು. ರಾಜಕುಮಾರ ಭಾಗ್ಯ ಸಿಕ್ಕೀತೆಂದು ಕೆದರಿದ, ಶೆಂಗಾ ಸಿಕ್ಕಿತು. ಅದನ್ನೇ ತಿಂದುಕೊಂಡು ಇದ್ದ. ಹತ್ತನೆಯ ದಿನ ಕುರಿ ಕಾಯುವ ಹುಡುಗಿಯೊಬ್ಬಳು ಬಾವಿಯೊಳಗೆ ಇಣುಕಿ, “ಯಾರ ನೀ?” ಅಂದಳು. “ರಾಜಕುಮಾರ.” “ಖರೆ ಹೇಳು.” “ಹಸದಾಂವ.” “ಹಾಂ, ಇದು ಖರೆ” ಅಂದು ಆಕೆ ಓಡಿಹೋಗಿ ಅವ್ವನ ಇಳಕಲ್ ಸೀರೆ ತಂದು ಇಳಿಬಿಟ್ಟಳು. ಅದು ಹರಿಯಲಿಲ್ಲ. ಮೇಲೆ ಬಂದ ರಾಜಕುಮಾರ ಆ ದಿನವೆಲ್ಲ ಕುರಿ ಕಾಯ್ದ, ಆಕೆ ನೆರಳಲ್ಲಿ ಕೂತು ಉಳಿದ ಶೆಂಗಾ ತಿಂದಳು. ಶಾಂತಾ ಹಿಟ್ಟಿನ ಕೈಯಲ್ಲೇ ಬಂದು ಬಾಗಿಲಿಗೆ ಒರಗಿದ್ದಳು.

ನಾನು ದಿಂಬು ಬಿಟ್ಟು ಮುಂದೆ ಬಾಗಿದೆ. “ಭಾಳ ಛಲೋ ಐತಲ್ಲಾ! ಆ ಕುರಿ ಕಾಯೂ ಹುಡಿಗಿ ಕಥಿ ಯಾ ಪುಸ್ತಕದಾಗ ಐತಿ?”

ಕರದಂಟು ಬಾಯಿಗಿಟ್ಟುಕೊಳ್ಳುತ್ತ ನೀಲಾ ಟ್ರಂಕಿನ ಕಡೆ ಕೈ ತೋರಿಸಿದಳು. “ಇದರಾಗ ಒಂದರಾಗ ಐತ್ರಿ. ಓದಿ ನೋಡ್ರಿ.”

ಅಂದಿನಿಂದ ಓದಲು ಕೂತೆ. ಆ ಕುರಿ ಕಾಯುವ ಹುಡುಗಿ ಎಲ್ಲಿ ಸಿಗುತ್ತಾಳೋ ಅಂತ ಒಂದೊಂದು ಪುಟವನ್ನೂ ಹುಡುಕಿದೆ. ಟಪಾಲಿನವನ ಕಥೆಗೆ ಕಣ್ಣೀರು ಬಂತು, ಕತ್ತೆಯ ಕಥೆಗೆ ಒಬ್ಬನೇ ನಕ್ಕೆ. ಬಸು ಹೇಳಿದ್ದು ಖರೆ, ಅದು ನನ್ನದಕ್ಕಿಂತ ಛಲೋ ಇತ್ತು. ನಿದ್ದೆ ಬರುತ್ತಿತ್ತು, ಆದರೆ ಮೊದಲಿನಷ್ಟು ಬೇಗ ಬರುತ್ತಿರಲಿಲ್ಲ. ಶಾಲೆ ತೆರೆಯಲು ಎರಡು ದಿನ ಇದ್ದಾಗ ಕೊನೆಯ ಪುಸ್ತಕದ ಕೊನೆಯ ಪುಟ ಮುಗಿಸಿದೆ. ಆ ಹುಡುಗಿ ಎಲ್ಲೂ ಇರಲಿಲ್ಲ.

ಎದ್ದು ನೀಲಾಳನ್ನು ಹುಡುಕಿದೆ. ಮಾಳಿಗೆಯ ಮೆಟ್ಟಿಲ ಮೇಲೆ, ನೆರಳಿದ್ದಲ್ಲಿ, ಮೊಣಕಾಲ ಮೇಲೆ ಪುಸ್ತಕ ಇಟ್ಟುಕೊಂಡು ಕೂತಿದ್ದಳು.

“ನೀಲಾ, ಎಲ್ಲಾ ಓದಿದೆ. ಅದು ಯಾವದರಾಗೂ ಇಲ್ಲಲ್ಲವ್ವಾ!” ಅಂದೆ, ಆದಷ್ಟೂ ಮಾಸ್ತರರ ದನಿಯಲ್ಲಿ.

ಆಕೆ ತಲೆ ಎತ್ತಲಿಲ್ಲ. ಬೆರಳಿನಿಂದ ಸಾಲು ಹಿಡಿದುಕೊಂಡೇ, “ಸ್ವಲ್ಪ ಸುಮ್ನಿರ್ರಿ ಅಪ್ಪಾ, ಓದಾಕತ್ತೇನಿ” ಅಂದಳು.