ಹೆಂಚಿನ ಮೇಲೆ ಹದಿನಾಲ್ಕು ಕಾಲು

ಭರಣಿಯಲ್ಲಿ ಉಪ್ಪುನೀರಿಗೆ ಹಾಕಿಟ್ಟ ಮಾವಿನಕಾಯಿಯ ವಾಸನೆ. ಕಾರ್ಕಳದ ಮನೆಯ ಅಟ್ಟದಿಂದ ಹೊರಟು ನಲವತ್ತು ವರ್ಷವನ್ನೂ ಕಡಲನ್ನೂ ದಾಟಿ, ಬಾಕ್ಸ್ ಹಿಲ್‌ನ ಊಟದ ಮೇಜಿಗೇ ಬಂದಂತಿತ್ತು. ಅಲೋಶಿಯಸ್ ಕಣ್ಣು ಮುಚ್ಚಿ "ಆಹಾ, ಬಾಲ್ಯದ ನೆನಪು!" ಎನ್ನುವಷ್ಟರಲ್ಲಿ ಅವನ ಬೋಳುತಲೆಯ ನಟ್ಟನಡುವೆ ತಣ್ಣನೆಯ ಹನಿಯೊಂದು ಬಿತ್ತು.

ತಲೆ ಎತ್ತಿದ. ಸೀಲಿಂಗಿನಲ್ಲಿ ದೋಸೆಯಗಲದ ಒದ್ದೆ ಕಲೆ.

"ಡೆಲ್ಫಿನ್! ಮಾಡು ಸೋರ್ತಾ ಉಂಟು!"

"ಎರಡು ತಿಂಗಳಿಂದ ಮಳೆಯೇ ಇಲ್ಲ. ಸೋರ್ಲಿಕ್ಕೆ ನೀರು ಎಲ್ಲಿಂದ ಬರ್ಬೇಕು ಮಾರಾಯ್ರೆ?" ಆಸ್ಪತ್ರೆಯ ಕೆಲಸಕ್ಕೆ ಹೊರಟಿದ್ದ ಹೆಂಡತಿ ಕಾರಿನ ಗಾಜಿಗೆ ಹೆಪ್ಪುಗಟ್ಟಿದ ಮಂಜನ್ನು ಕೆರೆಯುತ್ತಾ ಕೇಳಿದಳು.

ಮಂಜು! ಅಲೋಶಿಯಸನಿಗೆ ಜ್ಞಾನೋದಯವಾಯಿತು. ಸಿಡ್ನಿಯ ಚಾಟ್ಸ್‌ವುಡ್‌ನಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದ ತಮ್ಮ ಸ್ಯಾವಿಯೋಗೆ ಫೋನ್ ಮಾಡಿದ.

"ಐಸ್ ಡ್ಯಾಮ್ ಅಂತಾರೆ ಅದಕ್ಕೆ. ಸೂರಿನ ಅಂಚಲ್ಲಿ ಐಸ್ ಕಟ್ಟಿ, ಕರಗಿದ ನೀರು ಒಳಗೆ ಇಳೀತದೆ. ಹಳೇ ಸ್ಟಾಕಿಂಗ್ಸಿಗೆ ಉಪ್ಪು ತುಂಬಿಸಿ ಮಾಡಿನ ಮೇಲೆ ಮಲಗಿಸು. ವೆಬ್‌ಸೈಟಲ್ಲಿ ಫೋಟೋ ಸಮೇತ ಉಂಟು!"

ಆ ವೆಬ್‌ಸೈಟು ಕೆನಡಾದ್ದೆಂದು ತಮ್ಮ ಹೇಳಲಿಲ್ಲ, ಅಣ್ಣ ಕೇಳಲಿಲ್ಲ.

ಕೇಳಲು ಪುರುಸೊತ್ತೆಲ್ಲಿ? ಸಂಜೆ ಸಿಡ್ನಿಯ ಹ್ಯಾರಿಸ್ ಪಾರ್ಕಿನಿಂದ ಅತ್ತೆ ಯುಜಿನಿಯಾಬಾಯಿ ಬರುವವರಿದ್ದರು. ಈ ಮನೆ ಕೊಂಡಾಗಲೇ ಅವರು ಹೇಳಿದ್ದರು: "ತಲೆ ಮೇಲಿನ ಕೂದಲು ಉಳಿಸ್ಲಿಕ್ಕೆ ಆಗದವ ಮಾಡು ಉಳಿಸ್ತಾನಾ? ಫ್ಲ್ಯಾಟ್ ತಗೊಳ್ಳಿ." ಕಲೆ ಅವರ ಕಣ್ಣಿಗೆ ಬಿದ್ದರೆ ಮಾನ ಹರಾಜು.

ಹೆಂಗಸರ ಆ ಉದ್ದ ಕಾಲುಚೀಲಗಳಲ್ಲಿ ಹಳೆಯ ಸ್ಟಾಕಿಂಗ್ಸ್ ಯಾವುದು, ಹೊಸದು ಯಾವುದು ಎಂದು ಗಂಡಸಿಗೆ ಹೇಗೆ ತಿಳಿಯಬೇಕು? ಡೆಲ್ಫಿನಳ ಏಳು ಜೊತೆಗೂ ಉಪ್ಪು ತುಂಬಿದ.

ಏಣಿ ತಂದುಕೊಟ್ಟವರು ಪಕ್ಕದ ಮನೆಯ ಕರಿಯಪ್ಪ, ಕೊಡಗಿನ ನಿವೃತ್ತ ಸುಬೇದಾರರು. "ಮೊದ್ಲು ಒಳಗಿಂದ ನೋಡಬಾರ್ದಾ? ಸೀಲಿಂಗ್ ಮೇಲೆ ಏನಿದ್ಯೋ..." ಎಂದು ಮೀಸೆ ಕಚ್ಚಿಕೊಂಡರು.

"ಐಸ್ ಇರುದು ಹೊರಗೆ ಅಂಕಲ್!"

ಕರಿಯಪ್ಪ ನಿಟ್ಟುಸಿರುಬಿಟ್ಟು ಏಣಿ ಹಿಡಿದರು. ಅಲೋಶಿಯಸ್ ಹೆಜ್ಜೆಯಿಟ್ಟಲ್ಲೆಲ್ಲ ಹೆಂಚು ಹಪ್ಪಳದಂತೆ ಟಿಕ್ ಎಂದಿತು. ಅದು ಐಸ್ ಒಡೆಯುವ ಸದ್ದೆಂದು ಅವನು ಹಿಗ್ಗಿದ.

ಅವನು ಇಳಿದು ಚಹಾ ಕುಡಿಯುತ್ತಿದ್ದಾಗ ಎದುರುಮನೆಯ ಅಜ್ಜಿ ಪರದೆ ಸರಿಸಿದಳು. ಸೂರಿನ ಮೇಲೆ ಹದಿನಾಲ್ಕು ಕಾಲುಗಳು ಬಿಸಿಲು ಕಾಯುತ್ತಿದ್ದವು. ಹತ್ತೇ ನಿಮಿಷದಲ್ಲಿ ಅಗ್ನಿಶಾಮಕ ವಾಹನ ಊಳಿಡುತ್ತಾ ಬಂತು. ದಢೂತಿ ಸಿಬ್ಬಂದಿಯೊಬ್ಬ ಟಿಕ್ ಟಿಕ್ ಎಂದು ಮೇಲೇರಿ, ಮೊದಲ ಕಾಲನ್ನು ಮೆಲ್ಲಗೆ ತಟ್ಟಿ, "ಆರ್ ಯೂ ಆಲ್ರೈಟ್, ಲವ್?" ಎಂದು ಕೇಳಿದ. ಕಾಲು ಬಿರಿದು ಉಪ್ಪು ಸುರಿಯಿತು.

ವಿಷಯ ತಿಳಿದ ಮೇಲೂ ಅವನು ನಗಲಿಲ್ಲ, ಪುಣ್ಯಾತ್ಮ. ಈ ಬೀದಿಯಲ್ಲಿ ಅಷ್ಟು ಐಸ್ ಇರುವುದು ಫ್ರಿಜ್ಜಿನಲ್ಲಿ ಮಾತ್ರ ಎಂದು ಬಹಳ ಮರ್ಯಾದೆಯಿಂದ ತಿಳಿಸಿದ.

ಅದೇ ಹೊತ್ತಿಗೆ ಡೆಲ್ಫಿನಳ ಕಾರಿನಿಂದ ಅತ್ತೆ ಇಳಿದರು.

"ಅದು ನನ್ನ ಸ್ಟಾಕಿಂಗ್ಸ್ ಅಲ್ವಾ?" ಡೆಲ್ಫಿನ್ ಕಿರುಚಿದಳು.

ಅತ್ತೆ ಮೇಲೆ ನೋಡಲೇ ಇಲ್ಲ. ಒಳಗೆ ಹೋಗಿ ಮೂಗರಳಿಸಿ, ಕಲೆಯನ್ನು ಕಂಡು, ಕರಿಯಪ್ಪನವರ ಕಡೆ ತಿರುಗಿದರು. "ಭರಣಿ ಒಡೀತಾ?"

"ಹೌದೂಂತ ಕಾಣುತ್ತೆ. ಯಾರಿಗೂ ಹೇಳಲ್ಲ ಅಂತ ಮಾತು ಕೊಟ್ಟಿದ್ದೆ, ಬಾಯಿಬಿಡಲಿಲ್ಲ."

ಕಳೆದ ಕ್ರಿಸ್ಮಸ್ಸಿಗೆ ಬಂದಾಗ ಅತ್ತೆ ಉಪ್ಪುನೀರಿನ ಮಾವಿನಕಾಯಿ ಹಾಕಿದ್ದರು. ಭರಣಿಗೆ ಅಟ್ಟವೇ ಆಗಬೇಕಲ್ಲ? ವಾಸನೆಗೆ ಅಳಿಯ ಬೇಡವೆಂದಾನೆಂದು, ಕರಿಯಪ್ಪನವರ ಕೈಯಲ್ಲಿ ಗುಟ್ಟಾಗಿ ಸೀಲಿಂಗಿನ ಮೇಲೆ ಇಡಿಸಿದ್ದರು. ಆ ದಢೂತಿಯೇ ಬಿರುಕುಬಿಟ್ಟ ಭರಣಿಯನ್ನು ಮಗುವಿನಂತೆ ಎತ್ತಿಕೊಂಡು ಇಳಿಸಿಕೊಟ್ಟ.

ಅಲೋಶಿಯಸನ ಎದೆಯುಬ್ಬಿತು. "ನೋಡಿದ್ರಾ? ಮಾಡು ಗಟ್ಟಿಯೇ ಉಂಟು!"

ಹೊರಗೆ ಗುಡುಗಿತು. ಎರಡು ತಿಂಗಳ ಮೇಲೆ ಮಳೆ! ಇಡೀ ಬೀದಿ ಅಂಗಳಕ್ಕಿಳಿದು ಕೇಕೆ ಹಾಕಿತು. ಮೇಜಿನ ಮುಂದೆ ಕುಳಿತಿದ್ದ ಅಲೋಶಿಯಸನ ಬೋಳುತಲೆಯ ಮೇಲೆ ಒಂದು ಹನಿ ಬಿತ್ತು. ಆಮೇಲೆ ಹತ್ತು. ಹಪ್ಪಳವಾಗಿದ್ದ ಹೆಂಚುಗಳೆಲ್ಲ ಒಟ್ಟಿಗೆ ಬಾಯಿಬಿಟ್ಟಿದ್ದವು. ಈ ಹನಿಗಳಿಗೆ ಮಾವಿನಕಾಯಿಯ ವಾಸನೆ ಇರಲಿಲ್ಲ.

ಅವನು ಕೂದಲಿನ ಮಾತಿಗಾಗಿ ಕಾದು ಕುಳಿತ. ಅತ್ತೆ ಒಂದು ಕೈಯಲ್ಲಿ ಅವನ ತಲೆಯ ಮೇಲೆ ಕೊಡೆ ಹಿಡಿದು, ಇನ್ನೊಂದು ಕೈಯಲ್ಲಿ ಬಿಸಿ ಗಂಜಿಯ ಬಟ್ಟಲನ್ನು ಮುಂದೆ ಸರಿಸಿದರು. ಅದರ ಅಂಚಿನಲ್ಲಿ ಒಂದು ಮಾವಿನಕಾಯಿ ಇತ್ತು.